ವಂದನಾರ್ಪಣೆಗೆ ಎದ್ದು ನಿಂತವರು

ಇವತ್ತು ಬೆಳಿಗ್ಗೆ ನಮ್ಮ ಕ್ಯಾಂಟೀನಿನಿಂದ ಕೇಸರಿಬಾತಿನ ವಾಸನೆ ಹೇಳದೆ ಕೇಳದೆ ನನ್ನ ತರಗತಿಯೊಳಗೆ ಬಂತು. ಮುಂದೆ ನಿಂತು ಭಾಷಣ ಮಾಡುತ್ತಿದ್ದ ಹುಡುಗನನ್ನು ಬಿಟ್ಟು ಎಲ್ಲರ ಕಣ್ಣೂ ಕಿಟಕಿಯತ್ತ ಹೊರಳಿತು. ಅವನ ಮುಖ ಪಾಪ ಸಣ್ಣದಾಯಿತು. ನನಗೋ ನಗು. ತುಪ್ಪದಲ್ಲಿ ಹುರಿದ ರವೆಯ ಎದುರು ನಿಂತು ಗೆದ್ದ ಭಾಷಣಕಾರರಲ್ಲಿ ನಾನು ಕಂಡವಳು ಒಬ್ಬಳೇ, ಚೈತ್ರ.

ನಾನು ಜಯನಗರದ ಒಂದು ಡಿಗ್ರಿ ಕಾಲೇಜಿನಲ್ಲಿ ಮಕ್ಕಳಿಗೆ ಸಭೆಯಲ್ಲಿ ಮಾತಾಡುವುದನ್ನು ಕಲಿಸುತ್ತೇನೆ. ಹಾಗೆಂದು ನನ್ನನ್ನು ದೊಡ್ಡ ಮಾತುಗಾರ್ತಿ ಎಂದುಕೊಳ್ಳಬೇಡಿ. ನಮ್ಮ ಅಪಾರ್ಟ್‌ಮೆಂಟಿನ ಮೀಟಿಂಗಿನಲ್ಲಿ ನೀರಿನ ಟ್ಯಾಂಕರಿನ ವಿಷಯ ಬಂದರೆ ನಾನು ಹಿಂದಿನ ಕುರ್ಚಿಯಲ್ಲಿ ಕೂತು, ನನ್ನ ಅಭಿಪ್ರಾಯವನ್ನು ಪಕ್ಕದವರ ಕಿವಿಯಲ್ಲಿ ಹೇಳಿ, ಅವರಿಂದ ಜಗಳ ಮಾಡಿಸುವ ಪೈಕಿ. ತರಗತಿಯಲ್ಲಿ ಮಾತ್ರ ಬೆನ್ನು ನೆಟ್ಟಗಿರಲಿ, ದನಿ ಕೊನೆಯ ಸಾಲಿಗೆ ಮುಟ್ಟಲಿ ಎಂದು ಧಾರಾಳವಾಗಿ ಬುದ್ಧಿ ಹೇಳುತ್ತೇನೆ.

ಕಾಲೇಜು ಸಮಾರಂಭಗಳಲ್ಲಿ ಕೆಲಸ ಹಂಚುವ ಕ್ರಮ ನಿಮಗೂ ಗೊತ್ತಿರುತ್ತದೆ. ಕಂಠ ಚೆನ್ನಾಗಿದ್ದವರಿಗೆ ಪ್ರಾರ್ಥನೆ, ಚುರುಕಾಗಿದ್ದವರಿಗೆ ನಿರೂಪಣೆ, ಮೇಷ್ಟ್ರುಗಳಿಗೆ ಬೇಕಾದವರಿಗೆ ಸ್ವಾಗತ. ಇದ್ಯಾವುದಕ್ಕೂ ಒದಗದೆ ಉಳಿದವರ ಪಾಲಿಗೆ ವಂದನಾರ್ಪಣೆ. ಆ ಹೊತ್ತಿಗೆ ಜನ ಕುರ್ಚಿ ಸರಿಸಿ ತಿಂಡಿಯ ಕಡೆ ಹೊರಟಿರುತ್ತಾರೆ. ಯಾರು ಯಾರಿಗೆ ವಂದಿಸಿದರು ಎಂಬುದು ಮೈಕಿನವನಿಗೂ ಗೊತ್ತಾಗುವುದಿಲ್ಲ.

ಕೆಲವು ವರ್ಷಗಳ ಹಿಂದೆ ಬಿ.ಕಾಂ. ಕೊನೆಯ ವರ್ಷದಲ್ಲಿದ್ದ ಚೈತ್ರಳಿಗೆ ಸಿಕ್ಕಿದ್ದು ಇದೇ. ಸುದ್ದಗುಂಟೆಪಾಳ್ಯದ ಹಳಬರ ಮನೆಯ ಹುಡುಗಿ. ತಾತ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಅಪ್ಪ ಬಾಡಿಗೆ ಮನೆಗಳನ್ನು ಕಟ್ಟಿಸಿದ್ದರು. ತಾಲೀಮಿನಲ್ಲಿ ಖಾಲಿ ಸಭಾಂಗಣದ ಕೊನೆಯಲ್ಲಿ ಕೂತ ನನಗೆ ಅವಳ ತುಟಿ ಅಲ್ಲಾಡುವುದು ಕಾಣುತ್ತಿತ್ತು, ಅಷ್ಟೇ. ಮನೆಯಲ್ಲಿ ಯಾರನ್ನಾದರೂ ಜೋರಾಗಿ ಕರೆದದ್ದುಂಟಾ ಎಂದು ಕೇಳಿದೆ.

"ಕೂಗೋದೆಲ್ಲ ಅಪ್ಪಂದು ಡಿಪಾರ್ಟ್‌ಮೆಂಟು, ಮೇಡಂ" ಎಂದಳು.

ಅವಳಿಗೆ ಮುಂದೆ ಲಾ ಓದುವ ಆಸೆ ಎಂಬುದು ತಿಳಿದದ್ದು ಆಗಲೇ. ನಾಲ್ಕು ಜನರ ಮುಂದೆ ಬಾಯಿ ಬಿಡದವಳು ಕೋರ್ಟಿನಲ್ಲಿ ಏನು ವಾದ ಮಾಡುತ್ತಾಳೆ ಎಂದು ಅಪ್ಪ ಆ ವಿಷಯವನ್ನು ಅಲ್ಲಿಗೇ ಮುಗಿಸಿದ್ದರಂತೆ. ಅದಕ್ಕಾಗಿಯೇ ಅವರನ್ನು ಸಮಾರಂಭಕ್ಕೆ ಕರೆದಿದ್ದಳು. ಮಾತಾಡುತ್ತೇನೆ ಎಂದಿದ್ದಳೇ ಹೊರತು ವಂದನಾರ್ಪಣೆ ಎಂದು ಬಾಯಿ ಬಿಟ್ಟಿರಲಿಲ್ಲ. ಹೇಳಿದರೆ ಎಲ್ಲಿ ಬರುವುದಿಲ್ಲವೋ ಎಂಬ ಅಂಜಿಕೆ.

ಅಪ್ಪ ಬಂದರು. ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟು ನಡುಸಾಲಿನಲ್ಲಿ ಕೂತು, ಮಗಳ ಸರದಿ ಈಗ ಬರುತ್ತದೆ, ಆಗ ಬರುತ್ತದೆ ಎಂದು ಕಾದರು. ಮುಖ್ಯ ಅತಿಥಿಗಳು ಯುವಜನತೆಯನ್ನು ಎಬ್ಬಿಸುತ್ತಲೇ ಇದ್ದರು. ಅಷ್ಟರಲ್ಲಿ ಹಿಂದಿನ ಬಾಗಿಲಿನಿಂದ ಕೇಸರಿಬಾತಿನ ಘಮ ತೇಲಿ ಬಂತು. ಅತಿಥಿಗಳು ಕೂತರು, ನಿರೂಪಕಿ "ಈಗ ವಂದನಾರ್ಪಣೆ" ಎಂದಳು. ಸುತ್ತಲ ಬಡಾವಣೆಗಳ ಯಾವ ಸಮಾರಂಭವನ್ನೂ ತಪ್ಪಿಸದ ಅವಳ ಅಪ್ಪನಿಗೆ, ಆ ಒಂದು ಶಬ್ದ ಕಿವಿಗೆ ಬಿದ್ದೊಡನೆ ಎದ್ದು, ಗುಂಪು ಸೇರುವ ಮುಂಚೆ ಸ್ಕೂಟರ್ ತೆಗೆಯುವುದು ಅಭ್ಯಾಸವಾಗಿಹೋಗಿತ್ತು. ಮಗಳ ಹೆಸರು ಕೇಳುವ ಮೊದಲೇ ಎದ್ದರು. ಅವರನ್ನು ನೋಡಿ ಅರ್ಧ ಸಭೆಯೇ ಎದ್ದಿತು.

ಚೈತ್ರ ಮೈಕಿನ ಮುಂದೆ ಬಂದಾಗ ಅವಳಿಗೆ ಕಂಡದ್ದು ಬಾಗಿಲ ಬಳಿ ಅಪ್ಪನ ಬೆನ್ನು. ನಾನು ಉರು ಹೊಡೆಸಿದ್ದ ಗೌರವಾನ್ವಿತರ ಸಾಲು ಅವಳ ಬಾಯಿಂದ ಬರಲಿಲ್ಲ.

"ಅಪ್ಪಾ, ಸ್ಕೂಟರ್ ಎಲ್ಲೂ ಹೋಗಲ್ಲ. ಬಂದು ಕೂತ್ಕೊಳ್ಳಿ. ನಾನಿನ್ನೂ ಮಾತಾಡಿಲ್ಲ."

ಮೈಕು ಅದನ್ನು ಬೀದಿಯವರೆಗೂ ಮುಟ್ಟಿಸಿತು. ಸಭೆ ಗೊಳ್ಳೆಂದು ನಕ್ಕಿತು. ಅಪ್ಪ ತಿರುಗಿದರು. ಕಾಪಿ ಹೊಡೆದು ಸಿಕ್ಕಿಬಿದ್ದ ಹುಡುಗನ ಮುಖ ಮಾಡಿಕೊಂಡು ಹತ್ತಿರದ ಕುರ್ಚಿಯಲ್ಲಿ ಕೂತರು. ಎದ್ದವರೆಲ್ಲ ಒಬ್ಬೊಬ್ಬರಾಗಿ ಕೂತರು. ಆಮೇಲೆ ಅವಳನ್ನು ತಡೆಯುವವರೇ ಇರಲಿಲ್ಲ. ಅತಿಥಿಗಳು ಸಾಕಷ್ಟು ಹೊತ್ತು ಮಾತಾಡಿ ಎಲ್ಲರ ಹಸಿವನ್ನು ಚೆನ್ನಾಗಿ ಹೆಚ್ಚಿಸಿದ್ದಕ್ಕೂ ವಂದನೆ ಹೇಳಿದಳು. ಸದ್ಯ, ಅತಿಥಿಗಳೇ ಮೊದಲು ನಕ್ಕರು. ನಾನು ಕಲಿಸಿದ್ದರಲ್ಲಿ ಒಂದನ್ನೂ ಅವಳು ಬಳಸಲಿಲ್ಲ, ನನಗೆ ಆದ ಖುಷಿಗೆ ಅದು ಅಡ್ಡಿಯೂ ಬರಲಿಲ್ಲ.

ತಿಂಡಿಯ ಸಾಲಿನಲ್ಲಿ ಅವಳ ಅಪ್ಪ ತಟ್ಟೆ ಹಿಡಿದು ನನ್ನ ಪಕ್ಕಕ್ಕೆ ಬಂದರು.

"ಮೇಡಂ, ನಂಗೆ ಕೂತ್ಕೊ ಅಂತ ಹೇಳ್ತಿದ್ದೋರು ನಮ್ಮಮ್ಮ ಒಬ್ರೇ. ಅವ್ರು ಹೋದ್ಮೇಲೆ ಯಾರೂ ಹೇಳಿರ್ಲಿಲ್ಲ" ಎಂದರು. ಕೇಸರಿಬಾತನ್ನು ಚಮಚದಲ್ಲಿ ಸುಮ್ಮನೆ ಕೆದಕುತ್ತಾ ನಿಂತು, ಆಮೇಲೆ ಕೇಳಿದರು: "ಲಾ ಕಾಲೇಜು ನಮ್ಮ ಕಡೆ ಯಾವ್ದು ಚೆನ್ನಾಗಿದೆ?"

ಇಷ್ಟೆಲ್ಲ ನೆನಪಾಗುವಷ್ಟರಲ್ಲಿ ಇವತ್ತಿನ ಹುಡುಗ ಇನ್ನೂ ತಡವರಿಸುತ್ತಲೇ ಇದ್ದ. ಅವನ ಪರವಾಗಿ ತರಗತಿಯನ್ನು ಗದರಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡೆ. ಅವನು ನನ್ನತ್ತ ನೋಡಿದ. ನನ್ನಿಂದ ಏನೂ ಬರುವುದಿಲ್ಲ ಎಂದು ಗೊತ್ತಾದ ಮೇಲೆ ಡೆಸ್ಕನ್ನು ಒಮ್ಮೆ ತಟ್ಟಿದ.

"ಈ ಕಡೆ ನೋಡ್ರೋ. ನನ್ ಮಾತು ಮುಗಿಯೋವರ್ಗೂ ಮೇಡಂ ಅಟೆಂಡೆನ್ಸ್ ತಗೊಳಲ್ಲ."

ಎಲ್ಲ ತಲೆಗಳೂ ಒಟ್ಟಿಗೆ ಅವನತ್ತ ತಿರುಗಿದವು. ನಾನು ಅಂಥದ್ದೇನನ್ನೂ ಹೇಳಿರಲಿಲ್ಲ. ಆದರೂ ಹಾಜರಿಗೆಂದು ತೆರೆದಿದ್ದ ಪೆನ್ನಿನ ಮುಚ್ಚಳ ಹಾಕಿ, ಕೈಕಟ್ಟಿ ಕೂತು ಕೇಳತೊಡಗಿದೆ.