ಜಮಖಾನದ ಕೆಳಗಿನ ಹಗೇವು

ಮೊನ್ನೆ ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ವಕೀಲರ ಫೋನು ಬಂತು. ವಕೀಲರ ಫೋನೆಂದರೆ ತಪ್ಪು ಮಾಡದವನ ಎದೆಯೂ ಒಮ್ಮೆ ಧಸಕ್ಕೆನ್ನುತ್ತದೆ. ನನ್ನ ಎದೆಯಂತೂ ಪೋಸ್ಟಿನವನು ಬಂದರೂ ಹಾಗೇ ಅನ್ನುತ್ತದೆ.

"ಬರೂ ಸೋಮವಾರಕ್ಕ ಮೂರು ವರ್ಷ ತುಂಬತಾವ್ರಿ. ಆಮ್ಯಾಲ ದಾವೆ ಹಾಕಾಕ ಬರೂದಿಲ್ಲ. ಏನ ಮಾಡ್ತೀರಿ?" ಎಂದರು.

ದಾವೆ ಹಾಕಬೇಕಾದದ್ದು ಮಲ್ಲಪ್ಪ ಮಾಸ್ತರ ಮೇಲೆ. ಭಾಗ್ಯನಗರದ ಈ ಮನೆಯನ್ನು ನಮಗೆ ಮಾರಿದವರು ಅವರು. ಮನೆಯ ಜೊತೆಗೆ ಒಂದು ಹಗೇವನ್ನೂ ಮಾರಿದ್ದರು, ಹೇಳದೆ. ಹಗೇವು ಕಾಣದವರಿಗಾಗಿ ಹೇಳುತ್ತೇನೆ: ಹಿಂದಿನವರು ಜೋಳ ತುಂಬಿಡಲು ನೆಲದೊಳಗೆ ತೋಡುತ್ತಿದ್ದ ಗುಂಡಿ ಅದು. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು, ಆಳು ನಿಂತರೆ ತಲೆ ಕಾಣದು.

ನನ್ನ ಹೆಂಡತಿ ಗಿರಿಜಾ ಹೊಲಿಗೆ ಮಾಡುತ್ತಾಳೆ. ಬಾಡಿಗೆ ಮನೆಗಳಲ್ಲಿ ಕಳೆದ ಇಪ್ಪತ್ತೆರಡು ವರ್ಷವೂ ಅವಳ ಮಷೀನಿನ ಸದ್ದು ಯಾವ ಮಾಲಕರಿಗೂ ಸೇರಲಿಲ್ಲ. ಒಬ್ಬರಿಗೆ ಮಧ್ಯಾಹ್ನದ ನಿದ್ದೆ ಕೆಡುತ್ತಿತ್ತು, ಇನ್ನೊಬ್ಬರಿಗೆ ಪೂಜೆ ಕೆಡುತ್ತಿತ್ತು. ಯಾರ ಅಪ್ಪಣೆಯೂ ಇಲ್ಲದೆ ಮಷೀನು ತುಳಿಯುವುದಕ್ಕೊಂದು ಪಡಸಾಲೆ ಬೇಕು, ಅಷ್ಟೇ ಅವಳ ಆಸೆ. ಮಾಸ್ತರ ಮನೆಯ ಪಡಸಾಲೆ ನೋಡಿದ್ದೇ ಅವಳ ಮುಖ ಅರಳಿತು.

ಕಾಗದ ನೋಡುವುದರಲ್ಲಿ ನಾನು ಹುಲಿ. ಯಲಬುರ್ಗಾದ ಕಚೇರಿಯಲ್ಲಿ ಮಂದಿಯ ಹೊಲಮನೆ ಕಾಗದ ನೋಡಿ ನೋಡಿಯೇ ನನ್ನ ಕನ್ನಡಕ ದಪ್ಪವಾದದ್ದು. ಮಾಸ್ತರ ಅಜ್ಜನ ಕಾಲದವರೆಗಿನ ಪತ್ರಗಳನ್ನು ಜಾಲಾಡಿದೆ. ಒಂದು ಕೊಂಕು ಸಿಗಲಿಲ್ಲ. ಬಾಗಿಲ ದಿಕ್ಕು ನೋಡಿಸಿದೆವು, ನೀರು ಕುಡಿದು ನೋಡಿದೆವು. ಮಾಸ್ತರು ಪಡಸಾಲೆಯ ನಡುವೆ ದೊಡ್ಡ ಜಮಖಾನ ಹಾಸಿ, "ಬರ್ರಿ, ಕುಂದರ್ರಿ" ಎಂದು ಮಂಡಾಳ ಒಗ್ಗರಣಿ, ಮಿರ್ಚಿ, ಚಹಾ ಕೊಟ್ಟರು. ಮೂರು ಸಲ ಹೋದೆವು, ಮೂರು ಸಲವೂ ಅದೇ ಜಮಖಾನದ ಮೇಲೆ ಕೂತು ಹೊಟ್ಟೆ ತುಂಬ ತಿಂದು ಬಂದೆವು. ಮಿರ್ಚಿ ಮಾತ್ರ ಭಾಳ ಛಲೋ ಇದ್ದವು, ಸುಳ್ಳು ಹೇಳಬಾರದು.

ಮನೆ ಹೊಕ್ಕ ನಾಲ್ಕನೇ ತಿಂಗಳಲ್ಲಿ, ಗಿರಿಜಾ ಮಷೀನು ತುಳಿಯುತ್ತಿದ್ದಾಗ ಅದರ ಒಂದು ಕಾಲು ನೆಲಕ್ಕೆ ಹಾಸಿದ ಫರಸಿಗಲ್ಲಿನ ಸಮೇತ ಗೇಣುದ್ದ ಕುಸಿಯಿತು. ಮಾಸ್ತರು ಜಮಖಾನ ಹಾಸುತ್ತಿದ್ದ ಜಾಗವೇ ಅದು; ಅಲ್ಲಿನ ಫರಸಿಯ ಬಣ್ಣ ಬೇರೆ ಇದ್ದದ್ದನ್ನು ಮನೆ ಹೊಕ್ಕ ಮೇಲೆ ನೋಡಿಯೂ ರಿಪೇರಿ ಎಂದುಕೊಂಡಿದ್ದೆವು. ಫರಸಿ ಎಬ್ಬಿಸಿದರೆ ಕೆಳಗೆ ಬಿರುಕು ಬಿಟ್ಟ ಮುಚ್ಚುಗಲ್ಲು, ಅದರ ಕೆಳಗೆ ಟೊಳ್ಳು. ಗಿರಿಜಾ ಅಂದಿನಿಂದ ಮಷೀನು ಮುಟ್ಟಲಿಲ್ಲ. ಪಡಸಾಲೆಯಲ್ಲಿ ಗೋಡೆ ಹಿಡಿದುಕೊಂಡು ಓಡಾಡುವಳು. ಅದನ್ನು ನೋಡಿ ನನಗೆ ಮಾಸ್ತರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಕೊಪ್ಪಳದ ವಕೀಲರು ಎಲ್ಲ ಕೇಳಿ ಹೇಳಿದರು: "ಮಾರಾವ್ರಿಗೆ ಗೊತ್ತಿದ್ದು, ಕೊಳ್ಳಾವ್ರಿಗೆ ಸಾದಾ ಎಚ್ಚರದಾಗ ನೋಡಿದ್ರೂ ಕಾಣದಂಥ ಐಬು ಇದ್ರ, ಅದನ್ನ ಬಾಯಿಬಿಟ್ಟು ಹೇಳಬೇಕಂತ ಕಾಯ್ದೆ ಐತಿ. ಮುಚ್ಚಿಟ್ರ ಮೋಸ. ಖರೀದಿ ರದ್ದು ಮಾಡ್ರಿ ಅಂತ ಕೇಳಬಹುದು. ಇಲ್ಲಾ ಮನಿ ಇಟ್ಕೊಂಡು ನುಕ್ಸಾನ ಕೇಳಬಹುದು. ಗೊತ್ತಾದ ದಿನದಿಂದ ಮೂರು ವರ್ಷ ವ್ಯಾಳ್ಯಾ ಐತಿ. ಅಂದಂಗ, ಜಮಖಾನ ಎತ್ತಿ ನೋಡಿದ್ರೇನು?"

"ಚಹಾ ಕೊಟ್ಟಾವ್ರ ಜಮಖಾನ ಎತ್ತೂದು ಹೆಂಗ್ರಿ?"

"ಅವ್ರ ವಕೀಲ ಇದನ್ನ ಮೊದಲ ಕೇಳ್ತಾನ. ಸಾದಾ ಎಚ್ಚರ ಅಂದ್ರ ಎಷ್ಟು ಅಂತ."

ನೋಟೀಸು ಹೋಯಿತು. ಉತ್ತರದ ಬದಲು ಗಂಗಾವತಿಯಿಂದ ಮಾಸ್ತರೇ ಬಸ್ಸು ಹತ್ತಿ ಬಂದರು. ಮನೆ ಮಾರಿದ ಮೇಲೆ ಅವರು ಅಲ್ಲಿ ಮಗಳ ಮನೆಯ ಹತ್ತಿರ ಇದ್ದರು. ಒಳಗೆ ಕರೆದರೂ ಬರದೆ ಹೊಸ್ತಿಲ ಹೊರಗೆ ಕೂತರು.

"ಖರೆ ಹೇಳಿದ್ದಕ್ಕ ಮೂರು ಮಂದಿ ಎದ್ದು ಹ್ವಾದ್ರು. ನೀವು ಬಂದಾಗ ಜಮಖಾನ ಹಾಸಿದೆ. ಮುಚ್ಚುಗಲ್ಲು ಗಟ್ಟಿ ಐತಿ, ಏನೂ ಆಗೂದಿಲ್ಲ ಅಂತ ನನಗ ನಾನ ಹೇಳಿಕೊಂಡೆ," ಎಂದರು. ಗುಂಡಿ ತುಂಬಿಸಿಕೊಡುವುದು ತನ್ನ ಪಾಲಿನದು ಎಂದರು. ವಕೀಲರು ಒಪ್ಪಂದ ಬರೆದರು; ಗುಂಡಿ ತುಂಬಿಸಿದರೂ ಮೂರು ವರ್ಷದೊಳಗೆ ದಾವೆ ಹಾಕುವ ಹಕ್ಕು ನಮ್ಮದೇ ಎಂಬ ಷರತ್ತನ್ನೂ ಸೇರಿಸಿದರು.

ಮುಚ್ಚುಗಲ್ಲು ತೆಗೆದ ದಿನ, ಹಗೇವಿಗೆ ಇಳಿಯುವ ಮುಂಚೆ ಮಾಡುವ ಹಾಗೆ, ಕೂಲಿಯವರು ಹಗ್ಗಕ್ಕೆ ಕಂದೀಲು ಕಟ್ಟಿ ಕೆಳಗೆ ಬಿಟ್ಟರು. ಅರ್ಧಕ್ಕೆ ಹೋಗುವಷ್ಟರಲ್ಲಿ ಕಂದೀಲು ಆರಿಹೋಯಿತು. ಒಳಗಿನ ಗಾಳಿಯಲ್ಲಿ ಜೀವ ನಿಲ್ಲುವುದಿಲ್ಲ ಎಂದು ಅದರ ಅರ್ಥ. ಮಾಸ್ತರು ಮಷೀನನ್ನು ನೋಡಿದರು, ಗಿರಿಜಾಳನ್ನು ನೋಡಿದರು. "ಯವ್ವಾ, ನಿನ್ನ ಇದರ ಮ್ಯಾಲ ಕುಂದರಿಸಿ ಹೋಗಿದ್ನಲ್ಲ," ಎಂದು ಬಿಕ್ಕಿ ಬಿಕ್ಕಿ ಅತ್ತರು. ಮೂರು ಮಂದಿಗೆ ಸಾಲಿ ಕಲಿಸಿದವರಲ್ಲ, ಮೂರು ತಲೆಮಾರಿಗೆ ಕಲಿಸಿದವರು. ಅವರು ಅಳುವುದನ್ನು ನೋಡಲು ನನ್ನಿಂದ ಆಗಲಿಲ್ಲ. ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ.

ಎರಡು ದಿನ ಗಾಳಿಯಾಡಿದ ಮೇಲೆ ಕಂದೀಲು ನಿಂತು ಉರಿಯಿತು. ಮಾಸ್ತರು ಕೂಲಿಯವರನ್ನು ತಡೆದು, "ನಾ ಮುಚ್ಚಿಟ್ಟಿದ್ದು, ನಾನ ಮೊದಲ ಇಳೀತೀನಿ" ಎಂದು ಆ ವಯಸ್ಸಿನಲ್ಲಿ ಹಗ್ಗ ಹಿಡಿದು ಇಳಿದೇ ಬಿಟ್ಟರು. ಎಂಟು ದಿನ ಕಲ್ಲು, ಮರಂ ಮಣ್ಣು ತುಂಬಿಸಿ, ನೀರು ಹೊಯ್ದು, ದಮ್ಮಸು ಬಡಿಸಿ ಗಟ್ಟಿ ಮಾಡಿಸಿದರು. ಹೋಗುವಾಗ ಒಂದು ಚೀಟಿ ಬರೆದುಕೊಟ್ಟರು: 'ಪಡಸಾಲೆಯ ಕೆಳಗೆ ಹಗೇವು ಇತ್ತು. ನನಗೆ ಗೊತ್ತಿತ್ತು. ಹೇಳಲಿಲ್ಲ.' ಕೆಳಗೆ ರುಜು.

"ಇದನ್ನ ಕೊಟ್ರ ನಿಮ್ಮ ಕುತ್ತಿಗಿ ಅವ್ರ ಕೈಯಾಗ" ಎಂದು ಅವರ ಕಡೆಯ ವಕೀಲರು ಎಚ್ಚರಿಸಿದ್ದರಂತೆ, ಮಾಸ್ತರು ಕೇಳಲಿಲ್ಲ.

ಮೊನ್ನೆ ಫೋನು ಬಂದ ವಿಷಯ ಹೇಳಿದಾಗ ಗಿರಿಜಾ ಮಷೀನು ನಿಲ್ಲಿಸಲೂ ಇಲ್ಲ. "ಹಗೇವದಾಗ ಇಳದು ನಿಂತಾವ್ರ ಮ್ಯಾಲ ಕೋರ್ಟಿಗೆ ಹೋಗೂದೇನು? ಆ ಚೀಟಿ ಅವ್ರಿಗೇ ಕೊಟ್ಟು ಬರ್ರಿ" ಎಂದಳು.

ಗಂಗಾವತಿ ಬಸ್ಸು ಹತ್ತಿದೆ. ದೊಡ್ಡ ಮನಸ್ಸಿನವನ ಠೀವಿಯಲ್ಲಿ ಕಿಟಕಿಯ ಪಕ್ಕ ಕೂತಿದ್ದೆ. ಮಾಸ್ತರು ಚೀಟಿ ನೋಡಿ, ಮಡಚಿ, ನನ್ನ ಕೈಗೇ ವಾಪಸ್ಸು ಇಟ್ಟರು.

"ಇದು ನನ್ನ ಕಾಗದ ಅಲ್ರಿ, ಮನಿ ಕಾಗದ. ನಾಳಿ ನೀವು ಆ ಮನಿ ಮಾರಾಕ ನಿಂತ್ರ, ಕೊಳ್ಳಾಕ ಬಂದಾವ್ರಿಗೆ ಮೊದಲ ಇದನ್ನ ತೋರಸಬೇಕು."

ನಾನು ಔದಾರ್ಯದಿಂದ ಹೊರಟಿದ್ದೆ ಎಂದು ನಿಮಗೂ ಅನಿಸಿರಬೇಕು, ನನಗೂ ಅನಿಸಿತ್ತು. ಚೀಟಿ ಮನೆಯಿಂದ ಹೋದರೆ ನಾಳೆ ನಮ್ಮ ಮನೆಗೆ ಒಳ್ಳೆಯ ಬೆಲೆ ಬಂದೀತು ಎಂಬ ಲೆಕ್ಕ ಬಸ್ಸಿನಲ್ಲೇ ನನ್ನ ತಲೆಯೊಳಗೆ ಒಮ್ಮೆ ಹಾದುಹೋಗಿತ್ತು. ಮಾಸ್ತರಿಗೆ ಅದು ಗೊತ್ತಿತ್ತೋ ಏನೋ, ಕೇಳುವ ಧೈರ್ಯವಾಗಲಿಲ್ಲ. ಮನೆಗೆ ಬಂದು ಚೀಟಿಯನ್ನು ಖರೀದಿಪತ್ರದ ಮೇಲೆ ಪಿನ್ನು ಹಾಕಿ ಇಟ್ಟೆ, ನಾನಿಲ್ಲದಾಗ ಪೆಟ್ಟಿಗೆ ತೆಗೆದವರಿಗೂ ಮೊದಲು ಕಾಣುವ ಹಾಗೆ.