ಹಾಲೆಂಡಿನ ಮಾಸ್ತರು

ಬೆಳಿಗ್ಗೆ ಚಟ್ನಿಪುಡಿಗೆಂದು ಅಗಸೆ ಹುರಿಯುತ್ತಿದ್ದೆ. ಅಮೆರಿಕದ ನಮ್ಮ ಯೂನಿಯನ್ ಸಿಟಿ ಅಪಾರ್ಟ್‌ಮೆಂಟಿನ ಸ್ಮೋಕ್ ಅಲಾರಮ್ಮಿಗೆ ವಿಜಯಪುರದವರನ್ನು ಕಂಡರಾಗದು, ಕಿರುಚತೊಡಗಿತು. ನನಗೆ ಮಾತ್ರ ಚಿತ್ರ ಕಲಿಸಿದ ಹಾಲೆಂಡಿನ ಮಾಸ್ತರು ನೆನಪಾದರು. ಅವರ ಗ್ಯಾರೇಜಿನ ತುಂಬ ಅಗಸೆ ಎಣ್ಣೆಯ ವಾಸನೆ. ಬಣ್ಣ ಕಲಸುವುದು ಅದರಲ್ಲೇ. 'ಇದನ್ನ ನಾವು ರೊಟ್ಟಿ ಜೊತೆ ತಿಂತೀವಿ' ಎಂದು ನಾನು ಮೊದಲ ದಿನ ಹೇಳಿದಾಗ ಬಹಳ ಹೊತ್ತು ನಕ್ಕಿದ್ದರು.

ನನಗೆ ಚಿತ್ರ ಕಲಿಯುವ ಹುಚ್ಚು ಹತ್ತಿದ್ದು ನಲವತ್ತು ದಾಟಿದ ಮೇಲೆ. ಬಣ್ಣದ ಆಸೆಗೆ ಹೋದವಳನ್ನು ಒಂದು ವರ್ಷ ಬರೀ ಬೂದು ಬಣ್ಣ ಕೊಟ್ಟು ಕೂರಿಸಿದರು. ಅವರೂ ಹಾಗೇ ಕಲಿತವರು. ಹದಿನಾರರ ಹುಡುಗನನ್ನು ಅವರ ಗುರು ಬೆಳಗಿನಿಂದ ಸುಣ್ಣದಲ್ಲಿ ಎರಕ ಹೊಯ್ದ ಒಂದು ತಲೆಯ ಬೊಂಬೆಯೆದುರು ಅದನ್ನೇ ಬರೆಯಲು ಕೂರಿಸುತ್ತಿದ್ದರಂತೆ. ಸಂಜೆ ಬಂದು, ಚಿತ್ರದಲ್ಲಿ ಸುಳ್ಳು ಕಂಡರೆ ಮಾತಿಲ್ಲದೆ ಚಾಕುವಿನಿಂದ ಕೆರೆದುಬಿಡುತ್ತಿದ್ದರಂತೆ. ಮುಂದೆ ಪತ್ರಿಕೆಗಳಿಗೆ ಚಿತ್ರಕಲೆಯ ಬಗ್ಗೆ ಬರೆಯುವಾಗ ಇವರೂ ಅದೇ ಚಾಕು ಹಿಡಿದರು. ಗೆಳೆಯರನ್ನೂ ಬಿಡಲಿಲ್ಲ. ಅಮೆರಿಕಕ್ಕೆ ಬರುವ ಹೊತ್ತಿಗೆ ಗೆಳೆಯರೇ ಉಳಿದಿರಲಿಲ್ಲ ಎಂದು ನನ್ನ ಗುಮಾನಿ.

ಅಂಥವರ ಕಣ್ಣು ಹೋಗತೊಡಗಿತು. ನಡುವೆ ಕಪ್ಪು ಕಲೆ, ಅಂಚಿನಲ್ಲಷ್ಟೇ ಬೆಳಕು. ಆದರೂ ತೀರಿಹೋದ ಹೆಂಡತಿಯ ಮುಖ ಬರೆಯಲು ಕೂತರು.

"ಮುಗಿದ ಮೇಲೆ ನೀನು ನೋಡಿ ಹೇಳು. ಕೆಟ್ಟಿದ್ದರೆ ಕೆರೆದು ಮತ್ತೆ ಬರೀತೀನಿ. ಇನ್ನೂ ಸ್ವಲ್ಪ ಕಾಣ್ತದೆ," ಎಂದರು.

ಮುಗಿಯಿತು. ಮುಖ ಮುಖವಾಗಿರಲಿಲ್ಲ, ಒಂದು ಕಣ್ಣು ಕೆನ್ನೆಗಿಳಿದಿತ್ತು. ನಾಳೆ ಹೇಳುವೆನೆಂದು ತಪ್ಪಿಸಿಕೊಂಡು ಮನೆಗೆ ಬಂದು ಗಂಡನ ಮುಂದೆ ತೋಡಿಕೊಂಡೆ.

"ಮುದುಕ ಮನಸಿಗೆ ಹಚ್ಕೋತಾನ. ಛಲೋ ಅದ ಅಂದು ಬಂದ್ಬಿಡು," ಎಂದರು ಇವರು.

ಉಪ್ಪಿಲ್ಲದ ಪಲ್ಯಕ್ಕೂ ಛಲೋ ಆಗೇದ ಎನ್ನುವ ಜನ ನಾವು. ನೀವಾದರೂ ಇನ್ನೇನು ಹೇಳುತ್ತಿದ್ದಿರಿ? ಮರುದಿನ ನಾನೂ ಹಾಗೇ ಅಂದೆ. ಮಾಸ್ತರು ನಂಬಿದರು. ನನ್ನ ಕೈ ಹಿಡಿದು ಅತ್ತರು. ಚಿತ್ರಕ್ಕೆ ಫ್ರೇಮು ಹಾಕಿಸಿ ಹಾಸಿಗೆಯೆದುರು ತೂಗುಹಾಕಿದರು.

ನಾಲ್ಕು ತಿಂಗಳ ಮೇಲೆ ಹಾಲೆಂಡಿನಿಂದ ಅವರ ಮಗಳು ಬಂದಳು. ಗೋಡೆ ನೋಡಿ, "ಯಾರಪ್ಪಾ ಇದು?" ಎಂದು ಕೇಳಿಬಿಟ್ಟಳು. ಅಷ್ಟರಲ್ಲಿ ಅಂಚಿನ ಬೆಳಕೂ ಆರಿತ್ತು. ಮತ್ತೆ ಬರೆಯುವ ಮಾತೇ ಇರಲಿಲ್ಲ. ಮಾಸ್ತರು ನನಗೆ ಒಂದು ಬಿರುಮಾತೂ ಆಡಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವರಿಗೆ ಉಳಿದಿದ್ದ ನಾಲ್ಕು ತಿಂಗಳ ನೋಟವನ್ನು ಕದ್ದವಳು ನಾನು. ನೆನೆದರೆ ನನ್ನ ಮೇಲೆ ನನಗೇ ಹೇಸಿಗೆ.

ಈಗವರು ಲಿವರ್‌ಮೋರಿನ ವೃದ್ಧಾಶ್ರಮದಲ್ಲಿದ್ದಾರೆ. ಇವತ್ತು ಮಧ್ಯಾಹ್ನ ಹೋಗಿ ಕಿಟಕಿಯ ಬಳಿ ಅವರ ಪಕ್ಕ ಕೂತೆ. ಮಳೆ ಬಿದ್ದು ಗುಡ್ಡಗಳೆಲ್ಲ ನಿಜಕ್ಕೂ ಹಸಿರಾಗಿದ್ದವು.

"ಗುಡ್ಡ ಎಲ್ಲಾ ಹಸಿರಾಗಿದೆ," ಎಂದೆ.

ಅವರು ತಲೆಯಾಡಿಸಿದರು. ಆಮೇಲೆ ಮಾತ್ರೆ ಕೊಡಲು ಬಂದ ನರ್ಸಿನ ಕಡೆ ಮುಖ ತಿರುಗಿಸಿ, ಮೆಲ್ಲಗೆ, "ಹೌದೇ?" ಎಂದು ಕೇಳಿದರು.