ಫಿನ್ಲೆಂಡಿನ ಹೆರಿಗೆಗಳು ಲೆಕ್ಕಕ್ಕಿಲ್ಲ

ಜೊರ್ನಿತ್ಸ ಹುಟ್ಟಿದ ದಿನದ ಬಗ್ಗೆ ಅವಳ ತಾಯಿ ನೆದ್ಯಾಲ್ಕಾ ಹೇಳುತ್ತಿದ್ದುದು ಒಂದೇ ಮಾತು. ಬೇನೆ ತಡೆಯಲಾರದೆ ಕೂಗಿಕೊಂಡಾಗ ಸೂಲಗಿತ್ತಿ ಅವಳ ತೊಡೆಗೆ ಫಟ್ಟನೆ ಬಾರಿಸಿ, “ಗಂಡನ ಪಕ್ಕ ಮಲಗಿದಾಗ ಹಿಂಗೇ ಕೂಗಿದ್ಯಾ? ಮುಚ್ಚು ಬಾಯಿ” ಅಂದಿದ್ದಳಂತೆ. ಇದನ್ನು ಹೇಳಿ ನೆದ್ಯಾಲ್ಕಾ ನಗುತ್ತಿದ್ದಳು. ಬಾಲ್ಕನ್ ಬೆಟ್ಟದ ಬುಡದ ಆ ಊರಿನ ಕೋಟು ಹೊಲಿಯುವ ಕಾರ್ಖಾನೆಯಲ್ಲಿ ಅವಳ ಜೊತೆ ಕೂರುವ ಹೆಂಗಸರೂ ನಗುತ್ತಿದ್ದರು. ಒಬ್ಬೊಬ್ಬರ ಹೊಟ್ಟೆಯಲ್ಲೂ ಅಂಥದೊಂದು ಕಥೆಯಿತ್ತು. ಸೆಪ್ಟೆಂಬರಿನಲ್ಲಿ ಎಲ್ಲರೂ ಅಂಗಳದಲ್ಲಿ ಸೇರಿ ಚಳಿಗಾಲಕ್ಕೆಂದು ದಪ್ಪ ಕೆಂಪು ಮೆಣಸಿನಕಾಯಿ ಸುಟ್ಟು ಸಿಪ್ಪೆ ಸುಲಿಯುವಾಗ ಅವು ಹೊರಬರುತ್ತಿದ್ದವು. ಜೊರ್ನಿತ್ಸಳಿಗೆ ಮಾತ್ರ ನಗು ಬರುತ್ತಿರಲಿಲ್ಲ. ಇನ್ನೂ ಶಾಲೆಗೆ ಹೋಗುವ ವಯಸ್ಸಿನಲ್ಲಿ ಒಮ್ಮೆ, “ಇದರಲ್ಲಿ ನಗೋ ಅಂಥದ್ದೇನಿದೆ?” ಎಂದು ಕೇಳಿ ಎಲ್ಲರ ಬಾಯಿ ಮುಚ್ಚಿಸಿಬಿಟ್ಟಿದ್ದಳು.

ಮುಂದೆ ಅವಳು ಸೂಲಗಿತ್ತಿ ಪದವಿಗೆ ಸೇರುತ್ತೇನೆ ಅಂದಾಗ ತಾಯಿಗೆ ಆಶ್ಚರ್ಯವಾಗಲಿಲ್ಲ. ಹುಡುಗಿಯ ಸ್ವಭಾವ ಅವಳಿಗೆ ಗೊತ್ತಿತ್ತು. ಎಲ್ಲಿ ಸಿಟ್ಟು ಬರುತ್ತದೋ ಅಲ್ಲಿಗೇ ಹೋಗಿ ನಿಲ್ಲುವ ಜಾತಿ ಅದು.

ವಿಶ್ವವಿದ್ಯಾಲಯದಲ್ಲಿ ಮೂರನೆಯ ವರ್ಷಕ್ಕೆ ಎರಾಸ್ಮಸ್ ಯೋಜನೆಯ ಅವಕಾಶ ಬಂತು. ಒಂದು ಸೆಮಿಸ್ಟರ್ ಬೇರೆ ದೇಶದ ವಿಶ್ವವಿದ್ಯಾಲಯದಲ್ಲಿ ಓದಿ ಬರಬಹುದು. ಅಲ್ಲಿ ಪಾಸಾದದ್ದು ಇಲ್ಲಿ ಪಾಸಾದ ಹಾಗೆ. ಗೆಳತಿಯರೆಲ್ಲ ಬಿಸಿಲಿರುವ ಇಟಲಿಗೂ ಪೋರ್ಚುಗಲ್ಲಿಗೂ ಮುಗಿಬಿದ್ದರು. ಯಾರಿಗೂ ಬೇಡವಾಗಿ ಉಳಿದಿದ್ದ ಫಿನ್ಲೆಂಡನ್ನು ಜೊರ್ನಿತ್ಸ ಆರಿಸಿಕೊಂಡಳು. ಅಲ್ಲಿ ಯಾವ ಪಾಠ, ಎಂಥ ತರಬೇತಿ, ಅದು ಇಲ್ಲಿಯ ಯಾವುದಕ್ಕೆ ಸಮ ಎಂಬ ಒಪ್ಪಂದಕ್ಕೆ ವಿಭಾಗದ ಮುಖ್ಯಸ್ಥರು ಸಹಿ ಹಾಕಬೇಕು. ಪ್ರೊಫೆಸರ್ ಕರಾದಿಮೊವ್ ಫೋನಿನಲ್ಲಿ ಮಾತಾಡುತ್ತಲೇ ಸಹಿ ಹಾಕಿದರು. ಹೋಗಿ ಬಾಮ್ಮ, ನಮ್ಮ ವಿಭಾಗದ ಹೆಸರು ಅಲ್ಲೂ ಕೇಳಿಸಲಿ ಎಂದು ಹರಸಿಯೂ ಕಳಿಸಿದರು.

ಫಿನ್ಲೆಂಡಿನ ಆಸ್ಪತ್ರೆಯ ಹೆರಿಗೆ ವಿಭಾಗಕ್ಕೆ ಕಾಲಿಟ್ಟ ಮೊದಲ ದಿನ, ಇವತ್ತು ಇಲ್ಲಿ ಹೆರಿಗೆಯೇ ಇಲ್ಲವೇನೋ ಎಂದುಕೊಂಡಳು ಜೊರ್ನಿತ್ಸ. ಅಷ್ಟು ನಿಶ್ಶಬ್ದ. ಆಮೇಲೆ ನೋಡಿದರೆ ಪ್ರತಿಯೊಂದು ಬಾಗಿಲ ಹಿಂದೆಯೂ ಒಬ್ಬಳು ಬೇನೆ ತಿನ್ನುತ್ತಿದ್ದಳು. ಹೆಂಗಸರು ನರಳುತ್ತಿದ್ದರು, ಕೂಗುತ್ತಲೂ ಇದ್ದರು. ಆದರೆ ಅವರ ಮೇಲೆ ಕೂಗುವವರು ಯಾರೂ ಇರಲಿಲ್ಲ. ಅವಳು ಅಲ್ಲಿವರೆಗೆ ಹೆರಿಗೆಯ ಗದ್ದಲ ಅಂದುಕೊಂಡಿದ್ದರಲ್ಲಿ ಮುಕ್ಕಾಲು ಪಾಲು ದಾದಿಯರದೇ ಗದ್ದಲ.

ಅವಳಿಗೆ ಕಲಿಸಿದವಳು ಹಿಲ್ಕಾ ಎಂಬ ಹಿರಿಯ ಸೂಲಗಿತ್ತಿ. ಮಾತು ಕಡಿಮೆ, ಕಾಫಿ ಜಾಸ್ತಿ. ಆರಂಭದಲ್ಲಿ ಇಬ್ಬರಿಗೂ ತಮಾಷೆಯ ಗೊಂದಲ. ಗೊತ್ತಾಯಿತಾ ಎಂದು ಹಿಲ್ಕಾ ಕೇಳಿದರೆ ಜೊರ್ನಿತ್ಸ ತನ್ನ ದೇಶದ ರೂಢಿಯಂತೆ ತಲೆಯನ್ನು ಅಡ್ಡಡ್ಡ ಆಡಿಸಿ ಹೌದು ಎನ್ನುತ್ತಿದ್ದಳು. ಪಾಪ, ಹಿಲ್ಕಾ ಮತ್ತೆ ಮೊದಲಿನಿಂದ ಹೇಳಿಕೊಡುತ್ತಿದ್ದಳು. ಕೆಲವು ವಾರ ಕಳೆದ ಮೇಲೆ ಹಿಲ್ಕಾ ತನ್ನ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲತೊಡಗಿದಳು. ಒಮ್ಮೆ ಹೆಂಗಸೊಬ್ಬಳು ನೆಲದ ಮೇಲೆ ಮಂಡಿಯೂರಿ ದೊಡ್ಡ ಚೆಂಡಿನ ಮೇಲೆ ಒರಗಿ ಹೆರುತ್ತಿದ್ದಾಗ ಮಗುವಿನ ಕುತ್ತಿಗೆಗೆ ಹೊಕ್ಕುಳಬಳ್ಳಿ ಸುತ್ತಿಕೊಂಡಿದ್ದು ಕಂಡಿತು. ಜೊರ್ನಿತ್ಸ ಗಾಬರಿಯಿಂದ ಹಿಂದೆ ತಿರುಗಿದಳು. ಹಿಲ್ಕಾ ಕಟ್ಟಿದ ಕೈ ಬಿಚ್ಚಲಿಲ್ಲ. “ನಿನ್ನ ಬೆರಳಿಗೆ ಗೊತ್ತು, ಬಿಡಿಸು” ಅಂದಳು ಅಷ್ಟೆ. ಜೊರ್ನಿತ್ಸ ಬೆರಳು ತೂರಿಸಿ ಬಳ್ಳಿಯನ್ನು ಸಡಿಲಿಸಿ ತಲೆಯ ಮೇಲಿಂದ ದಾಟಿಸಿದಳು. ಮಗು ಅವಳ ಅಂಗೈಗೆ ಜಾರಿ ಅತ್ತಿತು. ಹೀಗೆ ಒಂದಾದ ಮೇಲೊಂದು ಹೆರಿಗೆಯನ್ನು ಅವಳು ಸ್ವಂತ ಕೈಯಿಂದ ಮಾಡಿಸಿದಳು. ಪ್ರತಿಯೊಂದಕ್ಕೂ ಹಿಲ್ಕಾ ಸಹಿ ಹಾಕಿದಳು. ಅಲ್ಲಿಯ ಪರೀಕ್ಷೆಗಳನ್ನೂ ಪಾಸು ಮಾಡಿ ಜೊರ್ನಿತ್ಸ ಊರಿಗೆ ಮರಳಿದಳು.

ಮರಳಿ ಬಂದು ಕಾಗದಗಳನ್ನು ಮುಂದಿಟ್ಟಾಗ ಕರಾದಿಮೊವ್ ಅವನ್ನು ಮುಟ್ಟಲೂ ಇಲ್ಲ.

“ಅಲ್ಲಿ ನೋಡಿದ್ದೆಲ್ಲ ಇಲ್ಲಿ ಲೆಕ್ಕಕ್ಕೆ ಬರಲ್ಲಮ್ಮ.”

“ನೋಡಿದ್ದಲ್ಲ ಸರ್, ಮಾಡಿದ್ದು.”

“ಪರದೇಶದ ಹುಡುಗಿ ಕೈಗೆ ಯಾರು ಮಗು ಕೊಡ್ತಾರೆ? ಹಿಮ ನೋಡಿದೆ, ಬಿಸಿ ಹಬೆ ಸ್ನಾನ ಮಾಡಿದೆ, ಸಂತೋಷ. ಪರೀಕ್ಷೆ ಇಲ್ಲೇ ಬರಿ, ತರಬೇತೀನೂ ಇಲ್ಲೇ ಮಾಡು.”

“ಅಲ್ಲಿಯದು ಇಲ್ಲಿಗೆ ಸಮ ಅಂತ ನೀವೇ ಸಹಿ ಹಾಕಿದ್ದೀರಲ್ಲ ಸರ್.”

ಕರಾದಿಮೊವ್ ಕನ್ನಡಕ ತೆಗೆದು ಒರೆಸಿಕೊಂಡರು. “ನಾನು ಸಹಿ ಹಾಕಿದ್ದು ನೀನು ಹೋಗೋದಕ್ಕೆ. ಬರೋದಕ್ಕಲ್ಲ” ಅಂದರು.

ಆ ಮಾತು ಅವಳ ಎದೆಯಲ್ಲಿ ಮುಳ್ಳಿನ ಹಾಗೆ ಮುರಿದುಕೊಂಡಿತು. ಅಲ್ಲಿಂದ ನೇರವಾಗಿ ವಿದ್ಯಾರ್ಥಿ ವಿನಿಮಯ ಕಚೇರಿಯ ವಿಹ್ರಾ ಹತ್ತಿರ ಹೋದಳು. ವಿಹ್ರಾ ಒಳ್ಳೆಯ ಹೆಂಗಸೇ. ಅವಳನ್ನು ಕಳಿಸಿಕೊಡುವಾಗ ಉಣ್ಣೆಯ ಕಾಲುಚೀಲ ಕೊಟ್ಟಿದ್ದಳು. ಈಗ ಮಾತ್ರ ಕೈ ಕೈ ಹಿಸುಕಿಕೊಂಡು, ಪ್ರೊಫೆಸರರ ಮಾತು ಮೀರುವ ಅಧಿಕಾರ ತನಗಿಲ್ಲ ಮಗು, ಸ್ವಲ್ಪ ಸಹಿಸಿಕೋ ಎಂದಳು. ಅವಳ ತಲೆಯ ಹಿಂದಿನ ಗೋಡೆಯಲ್ಲಿ ಆಳೆತ್ತರದ ಚಿತ್ರ. ಹಿಮದಲ್ಲಿ ನಿಂತು ನಗುತ್ತಿರುವ ಜೊರ್ನಿತ್ಸ, ಕೆಳಗೆ ‘ಇಡೀ ಯೂರೋಪೇ ನಿನ್ನ ತರಗತಿ’ ಎಂದು ದಪ್ಪಕ್ಷರ. ಇಷ್ಟು ಮಂದಿ ವಿದ್ಯಾರ್ಥಿಗಳನ್ನು ಹೊರದೇಶಕ್ಕೆ ಕಳಿಸಿದ್ದೇವೆ ಎಂದು ವಿಶ್ವವಿದ್ಯಾಲಯ ಹೇಳಿಕೊಳ್ಳುತ್ತಿದ್ದ ಸಂಖ್ಯೆಯಲ್ಲಿ ಅವಳೂ ಒಬ್ಬಳು. ಅವಳ ನಗು ಬೇಕು, ಅವಳು ಕಲಿತದ್ದು ಬೇಡ. ವಿಶ್ವವಿದ್ಯಾಲಯದ ಮುಖ್ಯಸ್ಥರಾದ ರೆಕ್ಟರರಿಗೆ ದೂರು ಬರೆದಳು. ಉತ್ತರ ಬರೆಯಿರಿ ಎಂದು ಅದನ್ನು ಕರಾದಿಮೊವ್ ಅವರಿಗೇ ಕಳಿಸಲಾಯಿತು. ಕಳ್ಳನ ಕೈಗೇ ಬೀಗದ ಕೈ ಕೊಟ್ಟ ಹಾಗಾಯಿತು.

ಬೇರೆ ದಾರಿಯಿಲ್ಲದೆ ಅವಳು ಊರಿನ ಆಸ್ಪತ್ರೆಯಲ್ಲಿ ತರಬೇತಿಯನ್ನು ಮತ್ತೆ ಮೊದಲಿನಿಂದ ಶುರುಮಾಡಿದಳು. ಮಾಡಿ ಬಂದದ್ದನ್ನೇ ಈಗ ಗೋಡೆಗೆ ಒರಗಿ ನೋಡುವ ಶಿಕ್ಷೆ. ಹೆರಿಗೆ ವಿಭಾಗದ ಕೊನೆಯ ಕೋಣೆ ಜನ ಜಿಪ್ಸಿಗಳೆಂದು ಹೀಗಳೆಯುವ ರೋಮಾ ಜನಾಂಗದ ಹೆಂಗಸರಿಗೆ. ಹಾಗೆಂದು ಎಲ್ಲೂ ಬರೆದಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಒಂದು ಬೆಳಿಗ್ಗೆ ಅಲ್ಲಿ ಸೆವ್ದಾ ಎಂಬ ಚೊಚ್ಚಲ ಬಸುರಿ, ಇನ್ನೂ ಹುಡುಗಿ, ಕಬ್ಬಿಣದ ಮಂಚದಲ್ಲಿ ಅಂಗಾತ ಮಲಗಿ ತಾಯಿಯನ್ನು ಕರೆದು ಅಳುತ್ತಿದ್ದಳು. ತಾಯಿಯನ್ನು ಬಾಗಿಲ ಹೊರಗೇ ತಡೆದಿದ್ದರು. ಹಿರಿಯ ಸೂಲಗಿತ್ತಿ ಒಳಗೆ ಬಂದವಳೇ, “ಗಂಡನ ಪಕ್ಕ ಮಲಗಿದಾಗ ಹಿಂಗೇ ಕೂಗಿದ್ಯಾ? ಮುಚ್ಚು ಬಾಯಿ” ಅಂದಳು.

ಜೊರ್ನಿತ್ಸಳ ತಾಯಿಗೆ ಅಂದದ್ದೂ ಇದೇ ಮಾತು. ಇಪ್ಪತ್ತು ವರ್ಷ ಮೀರಿದೆ, ಒಂದು ಶಬ್ದ ಬದಲಾಗಿಲ್ಲ. ಯಾವ ಪಠ್ಯಪುಸ್ತಕವನ್ನಾದರೂ ಈ ಆಸ್ಪತ್ರೆ ಇಷ್ಟು ನಿಷ್ಠೆಯಿಂದ ಕಾಪಾಡಿಕೊಂಡು ಬಂದಿತ್ತೆ? ಅವಳು ಗೋಡೆ ಬಿಟ್ಟು ಮಂಚದ ಹತ್ತಿರ ಹೋದಳು. ಸೆವ್ದಾಳನ್ನು ಎಡಮಗ್ಗುಲಿಗೆ ಹೊರಳಿಸಿ, ಸೊಂಟದ ಹಿಂದೆ ಅಂಗೈ ಒತ್ತಿ ಹಿಡಿದು, ನನ್ನ ಜೊತೆ ಉಸಿರುಬಿಡು, ಇನ್ನೇನು ಮುಗೀತಾ ಬಂತು ಎಂದು ಕಿವಿಯಲ್ಲಿ ಹೇಳುತ್ತಾ ಕೂತಳು. ಯಾರ ಅಪ್ಪಣೆಯ ಮೇಲೆ ಮುಟ್ಟಿದೆ ಎಂದು ಹಿರಿಯವಳು ಗದರಿದ್ದು ಅವಳಿಗೆ ಕೇಳಿಸಿತು. ಅಂಗೈ ತೆಗೆಯಲಿಲ್ಲ. ಮಗು ಸಲೀಸಾಗಿ ಹುಟ್ಟಿತು. ಹೆಣ್ಣು. ಸೆವ್ದಾ ಜೊರ್ನಿತ್ಸಳ ತೋಳನ್ನು ಹಿಡಿದವಳು ಬಹಳ ಹೊತ್ತು ಬಿಡಲಿಲ್ಲ.

ದೂರು ಹೋಯಿತು. ಶಿಸ್ತಿಲ್ಲ ಎಂದು ಕರಾದಿಮೊವ್ ಅವಳನ್ನು ತರಬೇತಿಯಲ್ಲಿ ಫೇಲು ಮಾಡಿದರು. ಫಿನ್ಲೆಂಡಿನ ನಾಜೂಕು ಇಲ್ಲಿ ನಡೆಯುವುದಿಲ್ಲ, ಆ ಜನಕ್ಕೆ ಆ ಭಾಷೆ ಅರ್ಥವೂ ಆಗುವುದಿಲ್ಲ ಎಂದು ಕರೆಸಿ ಬುದ್ಧಿ ಹೇಳಿದರು.

“ಅರ್ಥ ಆಯ್ತು ಸರ್” ಅಂದಳು ಜೊರ್ನಿತ್ಸ. “ಅವಳಿಗೆ ಚೆನ್ನಾಗಿ ಅರ್ಥ ಆಯ್ತು.”

ಮನೆಯಲ್ಲಿ ನೆದ್ಯಾಲ್ಕಾ ಮಗಳಿಗೆ ಬುದ್ಧಿಮಾತು ಶುರುಮಾಡಿದಳು. ಕ್ಷಮೆ ಕೇಳಿಬಿಡು, ದೊಡ್ಡವರ ಎದುರು ತಲೆ ತಗ್ಗಿಸಿದರೆ ಕುತ್ತಿಗೆ ಏನೂ ಸವೆಯುವುದಿಲ್ಲ ಎಂದಳು. ಜೊರ್ನಿತ್ಸ ಏನೂ ವಾದಿಸದೆ, ಆ ಕೋಣೆಯಲ್ಲಿ ಹಿರಿಯವಳು ಸೆವ್ದಾಳಿಗೆ ಹೇಳಿದ ಮಾತನ್ನು ಹಾಗೆಯೇ ಹೇಳಿದಳು. ನೆದ್ಯಾಲ್ಕಾ ಮೊಸರಿನ ಬಟ್ಟಲನ್ನು ಮೇಜಿನ ಮೇಲಿಟ್ಟು ಕೂತಳು. ಈ ಸಲ ನಗು ಬರಲಿಲ್ಲ.

“ಈಗಲೂ ಹಂಗೇ ಅಂತಾರಾ?”

“ಅದೇ ಮಾತು, ಅಮ್ಮಾ.”

“ಹಂಗಾದ್ರೆ ಕ್ಷಮೆ ಕೇಳಬೇಡ” ಅಂದಳು ತಾಯಿ.

ಮಾರ್ಚ್ ಒಂದರಂದು, ಊರಿಗೆ ಊರೇ ಮುಂಗೈಗೆ ಕೆಂಪು-ಬಿಳಿ ದಾರ ಕಟ್ಟಿಕೊಂಡು ವಸಂತವನ್ನು ಕರೆಯುವ ದಿನ, ವಿಶ್ವವಿದ್ಯಾಲಯದಲ್ಲಿ ವಿನಿಮಯ ಯೋಜನೆಯ ಮಾಹಿತಿ ಸಭೆಯಿತ್ತು. ಹೋಗಿ ಬಂದವರು ಹೊಸಬರಿಗೆ ನಾಲ್ಕು ಮಾತು ಹೇಳಬೇಕು. ಆಗಿದ್ದನ್ನೆಲ್ಲ ಮರೆತವಳಂತೆ ವಿಹ್ರಾ ಜೊರ್ನಿತ್ಸಳನ್ನೂ ಕರೆದಳು. ಅಲ್ಲಿ ರಾತ್ರಿ ಆಕಾಶದಲ್ಲಿ ಕುಣಿಯುವ ಹಸಿರು ಬೆಳಕಿನ ಬಗ್ಗೆ ಹೇಳು, ಮಕ್ಕಳಿಗೆ ಇಷ್ಟವಾಗುತ್ತದೆ ಎಂದಳು. ಮುಂದಿನ ಸಾಲಿನಲ್ಲಿ ಕರಾದಿಮೊವ್ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು.

ಜೊರ್ನಿತ್ಸ ಮೈಕು ಹಿಡಿದಳು. “ಹೋಗಿ. ನಾನಂತೂ ಹೋಗಬೇಡಿ ಅನ್ನಲ್ಲ” ಎಂದು ಶುರುಮಾಡಿದಳು. “ನಾನು ಅಲ್ಲಿ ಕಲಿತದ್ದನ್ನ ಇಲ್ಲಿ ನಾಲ್ಕು ವರ್ಷ ಇದ್ದಿದ್ರೂ ಕಲೀತಿರಲಿಲ್ಲ. ಆದ್ರೆ ನನ್ನ ಕೈಮೇಲೆ ಹುಟ್ಟಿದ ಮಕ್ಕಳು ಹುಟ್ಟೇ ಇಲ್ಲ ಅಂತ ಈ ವಿಭಾಗ ಹೇಳ್ತಿದೆ. ಅವು ಇಷ್ಟೊತ್ತಿಗೆ ಅಂಬೆಗಾಲಿಡ್ತಿರ್ತವೆ. ಹೋಗೋಕೆ ಸಹಿ ಹಾಕಿದವರು ಇಲ್ಲೇ ಕೂತಿದ್ದಾರೆ. ವಾಪಸ್ ಬಂದಾಗ ಆ ಸಹಿ ಇರುತ್ತೋ ಇಲ್ವೋ, ಅವರನ್ನ ಈಗಲೇ, ಎಲ್ಲರ ಮುಂದೆ ಕೇಳಿ. ಆಮೇಲೆ ಬಟ್ಟೆ ಕಟ್ಟಿ. ಹಾಂ, ಗೋಡೆ ಮೇಲಿರೋ ನನ್ನ ಚಿತ್ರ ತೆಗೆದುಬಿಡಿ.”

ಕರಾದಿಮೊವ್ ಎದ್ದು ನಗುನಗುತ್ತಾ ಮೈಕು ತೆಗೆದುಕೊಂಡರು. ನಮ್ಮ ಹುಡುಗಿ ಸ್ವಲ್ಪ ದಣಿದಿದ್ದಾಳೆ, ಪಕ್ಕದ ಕೋಣೆಯಲ್ಲಿ ಬಿಸಿ ಬಿಸಿ ಬಾನಿತ್ಸ ಕಾಯುತ್ತಿದೆ ಎಂದರು. ಚೀಸ್ ತುಂಬಿದ ಆ ಪದರ ರೊಟ್ಟಿಯ ವಾಸನೆ ಆಗಲೇ ಸಭೆಗೆ ಹರಡಿತ್ತು. ಕುರ್ಚಿಗಳು ಸರಿದವು. ಬಹುತೇಕ ಎಲ್ಲರೂ ಅತ್ತ ನಡೆದರು. ಜೊರ್ನಿತ್ಸಳಿಗೆ ಪ್ರೊಫೆಸರರ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ಆ ಬೆನ್ನುಗಳ ಮೇಲೆ ಬಂತು. ಒಂದಿಬ್ಬರು ಹುಡುಗಿಯರು ಮಾತ್ರ ಹಿಂದೆ ಉಳಿದು ಕರಾದಿಮೊವ್ ದಾರಿಗೆ ಅಡ್ಡ ನಿಂತು, ಅವಳು ಕೇಳಿದ್ದಕ್ಕೆ ಉತ್ತರ ಏನು ಸರ್ ಎಂದು ಕೇಳಿದರು. ಅವರು ಗಡಿಯಾರ ನೋಡಿಕೊಂಡರು.

ಆ ವರ್ಷ ಹೋಯಿತು. ಜೊರ್ನಿತ್ಸ ಅಷ್ಟನ್ನೂ ಮತ್ತೆ ಓದಿ, ಮತ್ತೆ ಮಾಡಿ ಪದವಿ ಪಡೆದಾಗ ಜೊತೆಯವರು ಕೆಲಸ ಹಿಡಿದು, ಅರ್ಧಕ್ಕರ್ಧ ಮಂದಿ ಜರ್ಮನಿ ಸೇರಿಯಾಗಿತ್ತು. ನಮ್ಮಲ್ಲಿ ಜಾಗವಿದೆ, ಬಾ ಎಂದು ಹಿಲ್ಕಾ ಕರೆದಳು. ಹೋಗು, ಇಲ್ಲಿ ನಿನಗೇನಿದೆ ಎಂದು ವಿಹ್ರಾ ಹೇಳಿದಳು, ಕಾರ್ಖಾನೆಯ ಹೆಂಗಸರೂ ಹೇಳಿದರು. “ನಾನು ಹೋದ್ರೆ ಅವರಿಗೆ ನೆಮ್ಮದಿ. ಅಷ್ಟು ಉಪಕಾರ ನಾನ್ಯಾಕೆ ಮಾಡಲಿ?” ಎಂದಳು ಜೊರ್ನಿತ್ಸ. ಅದೇ ಆಸ್ಪತ್ರೆಗೆ ಕೆಲಸಕ್ಕೆ ಸೇರಿದಳು, ಕೊನೆಯ ಕೋಣೆಯನ್ನೇ ಕೇಳಿ ಪಡೆದಳು. ಅವಳಿರುವ ಹೊತ್ತಿನಲ್ಲಿ ಅಲ್ಲಿ ಯಾರೂ ದನಿ ಎತ್ತುವುದಿಲ್ಲ, ಹೆರುವವಳ ತಾಯಿ ಬಾಗಿಲ ಹೊರಗೆ ನಿಲ್ಲುವುದಿಲ್ಲ. ಅವಳಿಲ್ಲದ ಹೊತ್ತಿನಲ್ಲಿ ಎಲ್ಲ ಮೊದಲಿನಂತೆಯೇ. ಅದೂ ಅವಳಿಗೆ ಗೊತ್ತು. ರಜೆ ತೆಗೆದುಕೊಳ್ಳುವುದನ್ನೇ ಕಡಿಮೆ ಮಾಡಿದಳು.

ಕೆಲವು ವರ್ಷಗಳ ನಂತರ ರೊಟ್ಟಿ ಅಂಗಡಿಯಲ್ಲಿ ವಿಹ್ರಾ ಸಿಕ್ಕಳು. ನಿವೃತ್ತಿಯಾಗಿತ್ತು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ಈಗ ನಿಯಮ ಬದಲಾಗಿದೆ, ಹೋಗುವಾಗ ಹಾಕಿದ ಸಹಿಯನ್ನು ಬಂದಮೇಲೆ ಅಲ್ಲಗಳೆಯುವ ಹಾಗಿಲ್ಲ ಎಂದು ಸಂಭ್ರಮದಿಂದ ಹೇಳಿದಳು. ಅದನ್ನು ಜಾರಿಗೆ ತಂದದ್ದಕ್ಕೆ ಕರಾದಿಮೊವ್ ಅವರಿಗೆ ಸನ್ಮಾನವೂ ಆಯಿತಂತೆ. ವೇದಿಕೆಯ ಮೇಲೆ ನಿಂತು, ನಮ್ಮ ಮಕ್ಕಳು ಎಲ್ಲಿ ಕಲಿತರೂ ಅದು ಕಲಿಕೆಯೇ ಎಂದು ಭಾಷಣ ಮಾಡಿದರಂತೆ.

“ಇದೆಲ್ಲಾ ಆಗಿದ್ದು ನಿನ್ನಿಂದಾನೇ ಮಗು” ಅಂದಳು ವಿಹ್ರಾ, ಸಮಾಧಾನ ಮಾಡುವವಳ ಹಾಗೆ.

“ಹೌದಾ? ನಾನು ಹೇಳುವಾಗ ನೀವು ಎಲ್ಲಿದ್ರಿ?”

ವಿಹ್ರಾ ಚೀಲದೊಳಗಿನ ರೊಟ್ಟಿಯನ್ನು ಸರಿಮಾಡಿಕೊಳ್ಳುತ್ತಾ ನಿಂತಳು. ಜೊರ್ನಿತ್ಸ ಮನೆಗೆ ಬಂದಳು. ಗೆದ್ದ ಸುದ್ದಿ ಕೇಳಿ ಹೊಟ್ಟೆ ಉರಿಯುವುದೆಂದರೆ ಏನೆಂದು ಅವತ್ತು ಗೊತ್ತಾಯಿತು.

ಕಳೆದ ವಸಂತದಲ್ಲಿ ಪೋರ್ಚುಗಲ್ಲಿನಿಂದ ಬೆನೆದಿತಾ ಎಂಬ ವಿದ್ಯಾರ್ಥಿನಿ ಅದೇ ಯೋಜನೆಯಲ್ಲಿ ಈ ಆಸ್ಪತ್ರೆಗೆ ಬಂದಳು. ಭಾಷೆ ಬಾರದ ಹುಡುಗಿ, ಒಂದು ಮೂಲೆಯಲ್ಲಿ ನಿಲ್ಲಿಸಿ ಎಂದರು ವೈದ್ಯರು. ಜೊರ್ನಿತ್ಸ ಅವಳನ್ನು ತನ್ನ ಕೋಣೆಗೆ ಕರೆದುಕೊಂಡು ಹೋಗಿ ಕೈಗವಸು ಹಾಕಿಸಿದಳು. ಆ ಮಧ್ಯಾಹ್ನದ ಹೆರಿಗೆ ಬೆನೆದಿತಾಳ ಕೈಯಿಂದಲೇ ಆಯಿತು. ಹುಡುಗಿ ಅತ್ತಳು, ಬಾಣಂತಿ ಅವಳ ಬೆನ್ನು ತಟ್ಟಿದಳು. ಸಂಜೆಗೆ ನೋಡಿದರೆ ಬೆನೆದಿತಾಳ ವರದಿಯಲ್ಲಿ ವೈದ್ಯರು ‘ವೀಕ್ಷಿಸಿದಳು’ ಎಂದು ಬರೆದಿದ್ದರು.

ಜೊರ್ನಿತ್ಸ ಅವರ ಕೋಣೆಗೆ ಹೋಗಿ ತಿದ್ದಿ ಎಂದಳು. ಅವರು ನಾಳೆ ನೋಡೋಣ ಎಂದರು. ಅವಳು ಕದಲಲಿಲ್ಲ. ವೈದ್ಯರು ಕೋಟು ಹಾಕಿಕೊಂಡರು, ಬಾಗಿಲಲ್ಲಿ ಅವಳು ನಿಂತಿದ್ದಳು.

“ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಸಿಟ್ಟಾ, ಸಿಸ್ಟರ್?”

“ಸಣ್ಣದಾದ್ರೆ ತಿದ್ದೋದು ಸುಲಭ ಅಲ್ವಾ ಡಾಕ್ಟ್ರೇ” ಅಂದಳು ಜೊರ್ನಿತ್ಸ.

ಅವರು ಗೊಣಗುತ್ತಾ ಕೂತು ‘ಹೆರಿಗೆ ಮಾಡಿಸಿದಳು’ ಎಂದು ಬರೆದರು. ಜೊರ್ನಿತ್ಸ ಅದನ್ನು ನಿಂತು ಓದಿ, ಕೆಳಗೆ ತನ್ನ ಸಹಿಯನ್ನೂ ಹಾಕಿ, ಬಾಗಿಲು ಬಿಟ್ಟು ಸರಿದಳು. ಸಿಟ್ಟೇನೂ ಇಳಿದಿರಲಿಲ್ಲ. ಕೊನೆಯ ಕೋಣೆಯಲ್ಲಿ ಇನ್ನೊಬ್ಬಳಿಗೆ ಬೇನೆ ಶುರುವಾಗಿತ್ತು. ಬೆನೆದಿತಾಳನ್ನು ಕರೆದುಕೊಂಡು ಅತ್ತ ನಡೆದಳು.